ಅತ್ತೆಯ ಜೊತೆ ಓದಲು ಯಾವ ಕಾದಂಬರಿ?

ಪ್ರಶ್ನೆ: ಅಕ್ಕಾ, ಮಧ್ಯಾಹ್ನ ನಾನು ಗಟ್ಟಿಯಾಗಿ ಓದುತ್ತೇನೆ, ಅತ್ತೆ ಅವರೆಕಾಯಿ ಬಿಡಿಸುತ್ತಾ ಕೇಳುತ್ತಾರೆ. ಬರೀ ಅತ್ತೆ-ಸೊಸೆ ಜಗಳ ಓದಿ ಇಬ್ಬರಿಗೂ ಸಾಕಾಗಿದೆ. ಹೆಂಗಸರು ಒಬ್ಬರಿಗೊಬ್ಬರು ಆಗುವಂಥ ಕಾದಂಬರಿ ಇದೆಯಾ?
– ಓದುಗಿ, ಹಾಸನ

ಉತ್ತರ: ಇದೆಯಮ್ಮ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ. 1976ರಲ್ಲಿ ಬಂದದ್ದು, ಪುಸ್ತಕ ಚಿಕ್ಕದು. ಫಣಿಯಮ್ಮ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿಕೊಂಡು, ಮಡಿಯಲ್ಲೇ ಜೀವ ಸವೆಸಿದವರು. ಮುಂದೆ ದಾಕ್ಷಾಯಿಣಿ ಎಂಬ ಎಳೆ ವಿಧವೆ ಕೂದಲು ತೆಗೆಸಲು ಒಪ್ಪುವುದಿಲ್ಲ. ಆಗ ಅವಳ ಪರ ನಿಲ್ಲುವವರು ಇದೇ ಫಣಿಯಮ್ಮ! ‘ನಾನು ಪಟ್ಟಿಲ್ವಾ, ಅವಳೂ ಪಡಲಿ’ ಅನ್ನುವವರೇ ನಮ್ಮಲ್ಲಿ ಜಾಸ್ತಿ, ಅಲ್ವಾ? ಅದಕ್ಕೇ ಈ ಹಿರಿಯ ಜೀವದ ಮೇಲೆ ನನಗೆ ಅಷ್ಟು ಪ್ರೀತಿ. ಆ ಭಾಗ ನಿಧಾನವಾಗಿ ಓದಿ. ಇದು ಸುಮ್ನೆ ಕಟ್ಟಿದ ಕತೆಯೂ ಅಲ್ಲ, ಇಂದಿರಾ ಅವರ ಬಂಧುವೊಬ್ಬರ ಬದುಕು.

ತ್ರಿವೇಣಿಯವರ ‘ಶರಪಂಜರ’ ಆಮೇಲೆ ಇರಲಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ಮೊದಲಿನಂತೆ ನೋಡುವುದಿಲ್ಲ. ಅದನ್ನು ಒಬ್ಬರೇ ಕೂತು ಓದಬೇಡಿ, ಅತ್ತೆ ಪಕ್ಕದಲ್ಲಿರಲಿ.