ದೌರ್ಜನ್ಯದಿಂದ ಪಾರಾಗಿ ಬಂದ ಹುಡುಗಿಗೆ ಮೈಸೂರು, ಮಂಡ್ಯ ಕಡೆ ಮೊದಲು ಏನು ಬೇಕು, ಚಿಕಿತ್ಸೆಯೋ ಕೆಲಸವೋ?

ಮೊದಲು ಆಸ್ಪತ್ರೆ. ಅತ್ಯಾಚಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು, ಅದು ಕಾನೂನು, ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. 18 ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098, ತುಂಬಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮಾನವ ಸಾಗಣೆಯಿಂದ ಬಿಡಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಒಡನಾಡಿ ಸಂಸ್ಥೆ ಮೈಸೂರಿನಲ್ಲೇ ಇದೆ. ಮುಟ್ಟು, ಗರ್ಭ, ಸೋಂಕು ಅಂತ ಅಮ್ಮನ ಹತ್ತಿರ ಬಾಯಿಬಿಡಲು ನಾಚುವವರು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್‌ನಲ್ಲಿ ಕೇಳಬಹುದು. ಹುಡುಗರೂ ಹೋಗಬಹುದು, ಹೋಗುವವರು ಕಮ್ಮಿ ಅಷ್ಟೇ.

ಕೆಲಸ ಅಂದರೆ ಸುಮ್ನೆ ಹೊಲಿಗೆ ಮಷಿನ್ ಕೊಟ್ಟು ಫೋಟೊ ತೆಗೆಸಿಕೊಳ್ಳುವುದಲ್ಲ, ಅಲ್ವಾ? ಮೈಸೂರಿನ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಸೇರಿಸುವುದಾದರೆ ಕೋರ್ಟಿನ ದಿನ ರಜೆ ಕೊಡುತ್ತಾರಾ, ಸಂಬಳ ಅವಳದೇ ಖಾತೆಗೆ ಬೀಳುತ್ತದಾ, ಇವೆರಡನ್ನು ಮೊದಲೇ ಕೇಳಿಕೊಳ್ಳಿ.