ಮಾರುತಿ 800ರ ಹೆಡ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಾಯಿಸಬಹುದಾ?

ನಿಮ್ಮ ಹಳೇ ಮಾರುತಿ 800ರಲ್ಲಿ ಕೂಲಂಟ್ (ಎಂಜಿನ್ ತಂಪಿಡುವ ನೀರು) ಕಮ್ಮಿಯಾಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ) ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ, ಮನೆ ಶೆಡ್ಡಿನಲ್ಲೇ ಬದಲಾಯಿಸಬಹುದಾ ಎಂದು ಕೇಳಿದ್ದೀರಿ. ಬದಲಾಯಿಸಬಹುದು. ನಾನು ಎರಡು ಸಲ ಬದಲಾಯಿಸಿದ್ದೇನೆ. ಎರಡನೇ ಸಲ ಯಾಕೆ ಬೇಕಾಯಿತು ಅನ್ನೋದೇ ನಿಮಗೆ ಉಪಯೋಗಕ್ಕೆ ಬರುವ ಕತೆ.

ನನ್ನದು 1998ರ ಕಾರ್ಬುರೇಟರ್ ಗಾಡಿ. ಮಂಗಳೂರಿನಿಂದ ಹಾಸನಕ್ಕೆ ಬರುವಾಗ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುತ್ತಿದ್ದೆ. ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ ಅಂತ ಗೊತ್ತಿರಲಿಲ್ಲ. ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹತ್ತಿದ್ದು ಕಂಡಿತು. ಇನ್ನೇನು ಘಾಟಿ ಮುಗೀತಲ್ವಾ ಅಂತ ಓಡಿಸಿದೆ. ಸಕಲೇಶಪುರ ಮುಟ್ಟುವಷ್ಟರಲ್ಲಿ ಎಂಜಿನ್ ಕೆಮ್ಮುತ್ತಿತ್ತು.

ಮೊದಲು, ಹೋಗಿರುವುದು ಗ್ಯಾಸ್ಕೆಟ್ಟೇ ಹೌದಾ ನೋಡಿಕೊಳ್ಳಿ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸು ನೀರಿನ ದಾರಿಗೆ ನುಗ್ಗುತ್ತಿದೆ ಅಂತ ಅರ್ಥ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಸಿಕ್ಕರೆ ಮೂರೂ ಸಿಲಿಂಡರ್ ಅಳೆಯಿರಿ. ಅಕ್ಕಪಕ್ಕದ ಎರಡರಲ್ಲಿ ಒತ್ತಡ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡ ತಕ್ಷಣ ಆಯಿಲಿಗೆ ನೀರು ಸೇರಿದೆ ಅಂತ ಗಾಬರಿ ಬೀಳಬೇಡಿ. ಚಳಿಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಿಸುವ ಗಾಡಿಯಲ್ಲೂ ಅದು ಕಟ್ಟುತ್ತದೆ.

ಬಿಚ್ಚೋದು ಕಷ್ಟವಿಲ್ಲ, ತಾಳ್ಮೆ ಬೇಕು ಅಷ್ಟೆ. ಬ್ಯಾಟರಿ ತೆಗೆದು, ಕೂಲಂಟ್ ಬಕೆಟ್ಟಿಗೆ ಇಳಿಸಿ. ಆ ಬಕೆಟ್ ತಕ್ಷಣ ಮುಚ್ಚಿಡಿ. ಕೂಲಂಟ್ ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಸಾಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೆಡ್ಡಿನಿಂದ ಹೊಗೆ ಹೊರಗೊಯ್ಯುವ ಪೈಪುಗಳ) ನಟ್ಟುಗಳು ತುಕ್ಕು ಹಿಡಿದಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅವಸರಪಟ್ಟು ನಾನು ಒಂದು ಸ್ಟಡ್ ಮುರಿದೆ, ಅದನ್ನು ತೆಗೆಯೋದಕ್ಕೇ ಅರ್ಧ ದಿನ ಹೋಯಿತು. ಟೈಮಿಂಗ್ ಬೆಲ್ಟ್ (ಕೆಳಗಿನ ಕ್ರ್ಯಾಂಕಿಗೂ ಮೇಲೆ ವಾಲ್ವ್ ಆಡಿಸುವ ಕ್ಯಾಮಿಗೂ ಹೊಂದಾಣಿಕೆ ಇಡುವ ಪಟ್ಟಿ) ಬಿಚ್ಚುವ ಮುಂಚೆ ಆ ಎರಡರ ಗುರುತೂ ಸರಿಯಾಗಿ ಕೂರಿಸಿ, ಫೋಟೋ ತೆಗೆದುಕೊಳ್ಳಿ. ಹೆಡ್ಡಿನ ಎಂಟು ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ತುದಿಗಳಿಂದ ನಡುವಿಗೆ ಬರುತ್ತಾ, ಸ್ವಲ್ಪ ಸ್ವಲ್ಪವೇ ಸಡಿಲಿಸಿ.

ಇನ್ನು ನಾನು ಎಡವಿದ ಜಾಗ. ಹೆಡ್ ಅಲ್ಯೂಮಿನಿಯಮ್ಮಿನದು. ಜಾಸ್ತಿ ಕಾದರೆ ಬಾಗುತ್ತದೆ, ಆದರೆ ಬಾಗಿದ್ದು ಕಣ್ಣಿಗೆ ಕಾಣೋದಿಲ್ಲ. ಮೊದಲ ಸಲ ನಾನು ಒರೆಸಿ, ಬೆಳಕಿಗೆ ಹಿಡಿದು, ಸಪಾಟಾಗಿದೆ ಅಂತ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿಬಿಟ್ಟೆ. ಮೂರು ವಾರಕ್ಕೆ ಮತ್ತೆ ಗುಳ್ಳೆ. ಎರಡನೇ ಸಲ ಉಕ್ಕಿನ ನೇರಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಅಲಗುಗಳ ಕಟ್ಟು) ತೂರಿಸಿ ನೋಡಿದೆ. 0.05 ಮಿ.ಮೀ. ಅಲಗೂ ಹೋಗಬಾರದು. ನನ್ನದರ ನಡುವೆ 0.15 ಸಲೀಸಾಗಿ ಹೋಯಿತು! ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆಯಿರಿ. ಬ್ಲಾಕಿನ ಮುಖವನ್ನೂ ಹೀಗೇ ನೋಡಿ. ಹೆಡ್ ಬಾಗಿದ್ದರೆ ಲೇತ್ ಅಂಗಡಿಗೆ ಒಯ್ದು ಫೇಸಿಂಗ್ (ಮುಖ ಕೆತ್ತಿ ಸಪಾಟು ಮಾಡುವುದು) ಮಾಡಿಸಿ, ಬಿರುಕು ಇದೆಯಾ ಅಂತ ಪ್ರೆಶರ್ ಟೆಸ್ಟನ್ನೂ ಅಲ್ಲೇ ಮಾಡಿಸಿ. ಈ ಒಂದು ಕೆಲಸ ಮನೆಯಲ್ಲಿ ಆಗೋದಿಲ್ಲ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿ ಅನ್ನುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ.

ಹಳೇ ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ಒದ್ದೆ ಮಾಡಿ, ಪ್ಲಾಸ್ಟಿಕ್ ಅಥವಾ ಮರದ ಚೂರಿನಿಂದ ಕೆರೆಯಿರಿ. ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣದಾಗಿ ಕೆರೆದರೆ ಆ ಧೂಳು ಮೂಗಿಗೆ ಹೋಗುತ್ತದೆ. ಡ್ರಿಲ್ಲಿಗೆ ಉಜ್ಜುವ ಬಿಲ್ಲೆ ಸಿಕ್ಕಿಸಿ ಬ್ಲಾಕ್ ಮೇಲೆ ಆಡಿಸಲೇಬೇಡಿ. ಅದರ ಪುಡಿ ಆಯಿಲ್ ಜೊತೆ ಬೇರಿಂಗಿಗೆ ಸೇರುತ್ತದೆ. ಬೋಲ್ಟಿನ ತೂತುಗಳಲ್ಲಿ ನೀರು, ಎಣ್ಣೆ ನಿಂತಿದ್ದರೆ ಪೂರ್ತಿ ತೆಗೆಯಿರಿ. ಬೋಲ್ಟ್ ಇಳಿಯುವಾಗ ಆ ನೀರು, ಎಣ್ಣೆ ಹೋಗಲು ಜಾಗವಿಲ್ಲದೆ ಬ್ಲಾಕನ್ನೇ ಸೀಳಬಹುದು.

ಜೋಡಿಸುವಾಗ ಗ್ಯಾಸ್ಕೆಟ್ ಮೇಲೆ 'ಟಾಪ್' ಅಂತ ಬರೆದಿದ್ದರೆ ಆ ಮುಖ ಮೇಲಕ್ಕೆ. ಬೋಲ್ಟುಗಳನ್ನು ಈಗ ನಡುವಿನಿಂದ ತುದಿಗೆ, ಮೂರು ಹಂತದಲ್ಲಿ, ಎಷ್ಟು ಬಲ ಬಿತ್ತು ಅಂತ ತೋರಿಸುವ ಟಾರ್ಕ್ ವ್ರೆಂಚಿನಿಂದಲೇ ಬಿಗಿ ಮಾಡಿ. ಎಷ್ಟು ಬಿಗಿ ಅನ್ನೋದನ್ನು ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕ ನೋಡಿಯೇ ಇಡಿ, ಯಾರೋ ಬಾಯಲ್ಲಿ ಹೇಳಿದ ಅಂಕಿ ಬೇಡ. ವ್ರೆಂಚ್ ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಬೇಕು. ಎಲ್ಲಾದರೂ ತಡೆದರೆ ಬಲ ಹಾಕಬೇಡಿ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್, ಫಿಲ್ಟರ್ ಹೊಸದು. ಆಮೇಲೆ ಪೂರ್ತಿ ಬಿಸಿಯಾಗಲು ಬಿಟ್ಟು ಫ್ಯಾನ್ ತಾನಾಗಿ ತಿರುಗುತ್ತದಾ ಅಂತ ಎದುರು ನಿಂತು ನೋಡಿ. ನನ್ನದರಲ್ಲಿ ಹಾಳಾಗಿದ್ದು ಫ್ಯಾನಿನ ಸ್ವಿಚ್ಚು, ಗ್ಯಾಸ್ಕೆಟ್ ಪಾಪ ಅದರ ಏಟು ತಿಂದಿತ್ತು. ಎಂಜಿನ್ ಬಿಸಿಗೆ ತಕ್ಕಂತೆ ಕೂಲಂಟ್ ಹರಿಯಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ, ಹೊಸದು ಹಾಕಿ.

ಶನಿವಾರ ಬೆಳಿಗ್ಗೆ ಬಿಚ್ಚಿ, ಸೋಮವಾರ ಅದೇ ಕಾರಲ್ಲಿ ಆಫೀಸಿಗೆ ಹೋಗಬೇಕು ಅಂತಿದ್ದರೆ ಮಾತ್ರ ಕೈ ಹಾಕಬೇಡಿ. ನಮ್ಮೂರಿನ ಲೇತ್ ಅಂಗಡಿ ಭಾನುವಾರ ಮುಚ್ಚಿರುತ್ತದೆ.