ಪಕ್ಕದ ತೋಟದಲ್ಲಿ ಶೂಟಿಂಗ್ ರೇಂಜ್: ಗುರಿ ತಪ್ಪಿದ ಗುಂಡು ಎಲ್ಲಿ ಹೋಗುತ್ತೆ ಅಂತ ಕೇಳಿದ್ರಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ, ಪಕ್ಕದೋರು ರೇಂಜ್ ಮಾಡ್ತಿದ್ದಾರೆ ಏನ್ ಮಾಡೋದು ಅಂತ. ಕೋವಿ ಅಂದ್ರೇನು ತೋಟಾ ಅಂದ್ರೇನು ಅಂತ ಮೊದಲಿಂದ ಶುರು ಮಾಡೋಕೆ ನಂಗೆ ತಾಳ್ಮೆ ಇಲ್ಲ, ನೇರ ವಿಷಯಕ್ಕೆ ಬರ್ತೀನಿ.

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಪಕ್ಕದ ತೋಟ ತಗೊಂಡೋರು ಜೆಸಿಬಿ ತರಿಸಿ 50 ಮೀಟರ್ ನೆಲ ಮಟ್ಟ ಮಾಡಿಸಿ, ಕೊನೇಲಿ 6 ಅಡಿ ಮಣ್ಣಿನ ಏರಿ ಹಾಕಿಸಿದ್ದಾರೆ. ಏರಿ ಹಿಂದೆ ಬೇಲಿ, ಬೇಲಿಯಾಚೆ ನಮ್ಮ ಕೆರೆ, ಅದರಾಚೆ ಆಳುಗಳ ಲೈನ್ ಮನೆಗಳು. ಕೇಳಿದ್ರೆ "ಲೈಸೆನ್ಸ್ ಇದೆ, ಸಿಲ್ವರ್ ಓಕ್ ಮರಗಳು ಅಡ್ಡ ಇವೆ, ಬರೀ ಪಾಯಿಂಟ್ ಟೂ ಟೂ ರೈಫಲ್ಲು, ನಂದು ಗುರಿ ತಪ್ಪಲ್ಲ" ಅಂತಾರೆ. ಹೆದರಬೇಕಾ?

ಹೆದರಬೇಕು. ಅವರು ಹೇಳಿದ ನಾಲ್ಕು ಮಾತಲ್ಲಿ ಒಂದೂ ಗುಂಡು ಎಲ್ಲಿ ನಿಲ್ಲುತ್ತೆ ಅನ್ನೋದಕ್ಕೆ ಉತ್ತರ ಅಲ್ಲ.

ಲೆಕ್ಕ ಹಾಕಿ ನೋಡಿ. ನಿಂತು ಹೊಡೆಯೋನ ನಳಿಗೆ ನೆಲದಿಂದ ಹತ್ತತ್ರ ಒಂದೂವರೆ ಮೀಟರ್ ಮೇಲಿರುತ್ತೆ, ಆ ಏರಿ 6 ಅಡಿ ಅಂದ್ರೆ 1.8 ಮೀಟರ್. ನಳಿಗೆ ಒಂದೇ ಒಂದು ಡಿಗ್ರಿ ಮೇಲಾದ್ರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 87 ಸೆಂಟಿಮೀಟರ್ ಮೇಲೆ ಹೋಗುತ್ತೆ, ಅಂದ್ರೆ ಏರಿ ಮೇಲಿಂದ ಹಾರಿ ಸೀದಾ ನಿಮ್ಮ ಕಡೆ. ಒಂದು ಡಿಗ್ರಿ ಅಂದ್ರೆ ಎಷ್ಟು ಅಂತ ಗೊತ್ತಾ, ಕೆಮ್ಮು ಬಂದ್ರೆ ಸಾಕು, ನೆಂಟರ ಹುಡುಗ ಒಬ್ಬ ಮೊದಲನೇ ಸಲ ಕೋವಿ ಹಿಡಿದ್ರೆ ಸಾಕು, ತೋಟಾ ತುಂಬಿ ಬೋಲ್ಟ್ ಹಾಕುವಾಗ ಬೆರಳು ಟ್ರಿಗರ್ ಮೇಲೆ ಇದ್ರೆ ಒಂದಲ್ಲ ಹತ್ತು ಡಿಗ್ರಿ ಆಗುತ್ತೆ. ಗುರಿ ತಪ್ಪಲ್ಲ ಅನ್ನೋರನ್ನ ಕಂಡ್ರೆ ನಾನು ಎರಡು ಹೆಜ್ಜೆ ಹಿಂದೆ ನಿಲ್ತೀನಿ, ಒಳ್ಳೆ ಶೂಟರ್‌ಗಳು ಆ ಮಾತು ಆಡಲ್ಲ.

"ಬರೀ ಟೂ ಟೂ" ಅನ್ನೋದು ಇನ್ನೊಂದು. ಗುಂಡು ಸಣ್ಣದು ನಿಜ, ಆದ್ರೆ ಮೇಲ್ಮುಖವಾಗಿ ಹಾರಿದ್ರೆ ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಹುದು. ಅದೇ ಏರಿಗೆ ನಾಳೆ ಚರೆ ಹಾರಿಸೋ ಹನ್ನೆರಡು ಬೋರ್ ಕೋವೀನೂ ಬರುತ್ತೆ ಬಿಡಿ, ಹಕ್ಕಿ ಹೊಡೆಯೋ ಸಣ್ಣ ಚರೆ ಇನ್ನೂರು ಮೀಟರ್ ಆಸುಪಾಸಲ್ಲಿ ಬೀಳುತ್ತೆ ಸರಿ, ಎಲ್‌ಜಿ ಅನ್ನೋ ದಪ್ಪ ಚರೆ ಅರ್ಧ ಕಿಲೋಮೀಟರ್ ಮೇಲೂ ಹೋಗುತ್ತೆ, ಒಂಟಿ ಗುಂಡು ಇನ್ನೂ ದೂರ. ಸಿಲ್ವರ್ ಮರ ನೆಟ್ಟಿದ್ದು ಕಾಫಿಗೆ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ. ಮರಗಳ ಸಂದಿ ಎಷ್ಟಿದೆ ಅಂತ ನೀವೇ ನೋಡಿ. ಕಾಂಡಕ್ಕೆ ಬಿದ್ದ ಗುಂಡೂ ಅಲ್ಲೇ ನಿಲ್ಲುತ್ತೆ ಅಂತಿಲ್ಲ, ಅಂಚಿಗೆ ಸವರಿದ್ರೆ ದಿಕ್ಕು ಬದಲಿಸಿ ಹೋಗುತ್ತೆ.

ನಂಗೆ ಎಲ್ಲಕ್ಕಿಂತ ಚಿಂತೆ ನಿಮ್ಮ ಕೆರೆಯದ್ದು. ಓರೆಯಾಗಿ ನೀರಿಗೆ ಬಿದ್ದ ಗುಂಡು ಮುಳುಗಲ್ಲ, ಮಕ್ಕಳು ಎಸೆಯೋ ಕಪ್ಪೆಕಲ್ಲಿನ ಥರ ಜಿಗಿದು ಮುಂದೆ ಹೋಗುತ್ತೆ, ಮುಂದೆ ಇರೋದು ಲೈನ್ ಮನೆ. ಏರಿಯ ಮಣ್ಣಲ್ಲಿ ಕಲ್ಲು ಇದ್ರೂ ಇದೇ ಕಥೆ. ಜೆಸಿಬಿಯೋನು ಜರಡಿ ಹಿಡಿದು ಮಣ್ಣು ಹಾಕಿರಲ್ಲ, ಜಂಬಿಟ್ಟಿಗೆ ಚೂರು ಬೋಡ್ರಸ್ ಕಲ್ಲು ಎಲ್ಲ ಸೇರಿಸಿ ತಳ್ಳಿರ್ತಾನೆ. ಜತೆಗೆ ನಮ್ಮ ಮಲೆನಾಡು ಮಳೆ, ಆಗಸ್ಟ್ ಕಳೆಯೋಷ್ಟರಲ್ಲಿ ಆ 6 ಅಡಿ ಏರಿ ಎಷ್ಟು ಉಳಿದಿರುತ್ತೋ.

ಸರಿಯಾದ ರೇಂಜ್ ಅಂದ್ರೆ ಗುಡ್ಡದ ಮೈಗೆ ಎದುರಾಗಿ ಇರಬೇಕು. ಗುಡ್ಡ ಇಲ್ದಿದ್ರೆ ಕಲ್ಲಿಲ್ಲದ ಮಣ್ಣಿನ ಏರಿ 15-20 ಅಡಿ ಎತ್ತರ, ಎರಡೂ ಪಕ್ಕ ಏರಿ, ಹೊಡೆಯೋನ ತಲೆ ಮುಂದೆ ಆಕಾಶ ಕಾಣದ ಹಾಗೆ ಅಡ್ಡ ತಡೆ. ಹೊಡೆಯೋ ಹೊತ್ತಿಗೆ ಕೆಂಪು ಬಾವುಟ, ಹೊತ್ತು ಮೊದಲೇ ಗೊತ್ತಿರಬೇಕು, ಕಾಫಿ ಕುಯ್ಲಿನ ಟೈಮಲ್ಲಿ ಪೂರ್ತಿ ಬಂದ್.

ಈಗ ಮಾಡಬೇಕಾದ್ದು. ಜಗಳಕ್ಕೆ ಹೋಗಬೇಡಿ. ಕೋವಿ ಹೊರಗೆ ಬರದ ದಿನ ಅವರ ಜತೇಲೇ ಹೊಡೆಯೋ ಜಾಗದಲ್ಲಿ ನಿಂತು ಗುರಿಯ ಮೇಲಿಂದ ಏನು ಕಾಣುತ್ತೆ ನೋಡಿ. ನಿಮ್ಮ ಲೈನ್ ಮನೆ ಹಂಚು ಕಂಡ್ರೆ ಅವರಿಗೂ ತೋರಿಸಿ, ಎಷ್ಟೋ ಜನ ಅಲ್ಲೇ ತಣ್ಣಗಾಗ್ತಾರೆ. ಆಗಲಿಲ್ವಾ, ಫೋಟೊ ತೆಗೆದು, ದೂರ ಅಳೆದು, ಸ್ಟೇಷನ್ನಿಗೆ ಬರವಣಿಗೇಲಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಕಾಪಿ ಡಿಸಿ ಆಫೀಸಿಗೆ. ಕೋವಿ ಲೈಸೆನ್ಸ್ ಬೇರೆ, ರೇಂಜ್ ಲೈಸೆನ್ಸ್ ಬೇರೆ. ಫೈರಿಂಗ್ ರೇಂಜ್ ನಡೆಸೋಕೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಪ್ರತ್ಯೇಕ ಅನುಮತಿ ಬೇಕು. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ತೋರಿಸಿ ನೆಂಟರಿಷ್ಟರಿಗೆಲ್ಲ ಪ್ರಾಕ್ಟೀಸ್ ಮಾಡಿಸೋಕಾಗಲ್ಲ. ಜನರ ಜೀವಕ್ಕೆ ಅಪಾಯ ಆಗೋ ಥರ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದ್ರೆ ಆರ್ಮ್ಸ್ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ 2 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಯಾರಿಗಾದ್ರೂ ಗುಂಡು ತಾಗೋವರೆಗೂ ಕಾಯಬೇಕು ಅಂತಿಲ್ಲ, ಅಪಾಯಕಾರಿ ಉಪದ್ರವ ನಿಲ್ಲಿಸಿ ಅಂತ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಹತ್ರ ಹೋಗೋ ದಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲಿಗೆ ಬಂದಿದ್ದು) 152ನೇ ಸೆಕ್ಷನ್ನಲ್ಲಿದೆ. ಅಲ್ಲೀವರೆಗೆ ಆ ಕಡೆ ಸಾಲಿಗೆ ಆಳುಗಳನ್ನ ಬಿಡಬೇಡಿ. ನಿಮಗೆ ಅತಿ ಅನ್ನಿಸಬಹುದು, ನಾನಾಗಿದ್ರೆ ಬಿಡ್ತಿರಲಿಲ್ಲ.

ಪ್ರಶ್ನೆ: ಕೊಡವರಿಗೆ ಲೈಸೆನ್ಸೇ ಬೇಡ, ಹಾಗಾಗಿ ಕೊಡಗಲ್ಲಿ ಎಲ್ಲಿ ಬೇಕಾದ್ರೂ ಹೊಡೀಬಹುದಲ್ವಾ?

ಇಲ್ಲ. ವಿನಾಯಿತಿ ಇರೋದು ಕೋವಿ ಇಟ್ಕೊಳ್ಳೋಕೆ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ, 2029ರ ಅಕ್ಟೋಬರ್‌ವರೆಗೆ. ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಪಕ್ಕದ ಮನೆ ಕಡೆ ಗುಂಡು ಬಿಡೋಕೆ ಯಾರಿಗೂ ವಿನಾಯಿತಿ ಇಲ್ಲ, ಕೊಡವರ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯೋ ಹಿರಿಯರನ್ನ ಕೇಳಿ, ಅವರು ಮೊದಲು ನೋಡೋದೇ ಕಾಯಿ ಹಿಂದೆ ಏನಿದೆ ಅಂತ.

ಪ್ರಶ್ನೆ: ಹಳೇ ಟೈರ್ ಜೋಡಿಸಿ ಗೋಡೆ ಕಟ್ಟಿದ್ರೆ ಬುಲೆಟ್ ಪ್ರೂಫ್ ಅಂತ ಒಬ್ಬ ಕನ್ಸಲ್ಟೆಂಟ್ ಹೇಳಿದ.

ಅವನನ್ನೇ ಆ ಗೋಡೆ ಹಿಂದೆ ನಿಲ್ಲಿಸಿ ನೋಡಿ, ನಿಲ್ತಾನಾ ಅಂತ. ಖಾಲಿ ಟೈರಿಂದ ಗುಂಡು ಹೊಡೆದವನ ಕಡೆಗೇ ವಾಪಸ್ ಬರಬಹುದು. ದುಡ್ಡು ಕೊಟ್ಟಿದ್ರೆ ಮರೆತುಬಿಡಿ.

ಪ್ರಶ್ನೆ: ಬೆಂಗಳೂರು ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಏರ್ ಗನ್?

ಟೆರೇಸ್ ಮೇಲೆ ಬೇಡ. 4.5 ಎಂಎಂ, 20 ಜೂಲ್ ಒಳಗಿನ ಏರ್ ಗನ್‌ಗೆ ಲೈಸೆನ್ಸ್ ಬೇಡ ನಿಜ, ಕಣ್ಣು ಹೋಗೋಕೆ ಅಷ್ಟು ಬೇಕಾಗೂ ಇಲ್ಲ. ಒಳಗೆ ರೂಮಲ್ಲಿ 10 ಮೀಟರ್ ಸಿಕ್ರೆ, ಹಿಂದೆ ಗುಂಡು ಹಿಡಿದು ನಿಲ್ಲಿಸೋ ಪೆಲೆಟ್ ಟ್ರ್ಯಾಪ್ ಇಟ್ಟು, ಬಾಗಿಲಿಗೆ ಒಳಗಿಂದ ಚಿಲಕ ಹಾಕಿ ಹೊಡೀರಿ.

ಪ್ರಶ್ನೆ: ರೇಂಜಿನ ಸೀಸ ನಮ್ಮ ಬಾವಿಗೆ ಇಳಿಯುತ್ತಾ? ದಿನಾ ಮಜ್ಜಿಗೆ ಕುಡಿದ್ರೆ ಸೀಸ ಹೋಗುತ್ತಂತೆ?

ಇಳಿಯಬಹುದು. ನಮ್ಮ ಕಡೆ ಮಣ್ಣು ಹುಳಿ, ಮಳೆ ಜೋರು, ಎರಡೂ ಸೇರಿದ್ರೆ ಸೀಸ ಬೇಗ ಕರಗಿ ತೋಡಿಗೆ ಹೋಗುತ್ತೆ. ಕಾಫಿಗೆ ಸುಣ್ಣ ಹಾಕ್ತೀರಲ್ಲ, ಆ ಏರಿ ಮಣ್ಣಿಗೂ ಹಾಕಿಸಿ, ಆಗಾಗ ಜರಡಿ ಹಿಡಿದು ಗುಂಡು ತೆಗೆಸೋಕೆ ಅವರಿಗೆ ಹೇಳಿ, ಬಾವಿ ನೀರು ಲ್ಯಾಬಿಗೆ ಕಳಿಸಿ. ಮಜ್ಜಿಗೆ ಊಟಕ್ಕೆ ಚೆನ್ನಾಗಿರುತ್ತೆ, ಸೀಸಕ್ಕೆ ಅದರ ಗೊಡವೆ ಇಲ್ಲ. ಅನುಮಾನ ಇದ್ರೆ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ, ರಿಪೋರ್ಟ್ ಡಾಕ್ಟರಿಗೆ ತೋರಿಸಿ, ವಾಟ್ಸಾಪಿಗಲ್ಲ.